ಹಕ್ಕಿಯ ಪಾದ: ಬ್ರಾಂಕುಶಿಯ ಶಿಲ್ಪಗಳಲ್ಲಿ ಹಾರಾಟ

1

1926ರ ಅಕ್ಟೋಬರ್ ತಿಂಗಳಲ್ಲಿ ಫ್ರಾನ್ಸಿನಿಂದ ಹೊರಟ ‘ಪ್ಯಾರಿಸ್’ ಎಂಬ ಹಡಗು ನ್ಯೂಯಾರ್ಕ್ ಬಂದರನ್ನು ತಲುಪಿತು. ಅದರಲ್ಲಿ ಒಬ್ಬ ಶಿಲ್ಪಿಯ ಕೃತಿಗಳನ್ನು ತುಂಬಿದ ಪೆಟ್ಟಿಗೆಗಳಿದ್ದವು. ಬಿಚ್ಚಿ ನೋಡಿದ ಕಸ್ಟಮ್ಸ್ ಅಧಿಕಾರಿಗಳಿಗೆ ಒಂದು ಕಂಚಿನ ವಸ್ತು ಒಗಟಾಯಿತು. ಸಪೂರವಾಗಿ, ನೀಳವಾಗಿ, ಕನ್ನಡಿಯ ಹಾಗೆ ಹೊಳೆಯುತ್ತ, ನಡುವೆ ತುಸು ಉಬ್ಬಿ, ಮೇಲೆ ಹೋದಂತೆ ಮೊನೆಯಾಗುವ ವಸ್ತು ಅದು. ಕಾಗದಪತ್ರಗಳಲ್ಲಿ ಅದರ ಹೆಸರು ಹಕ್ಕಿ ಎಂದಿತ್ತು. ಆದರೆ ರೆಕ್ಕೆಯಿಲ್ಲ, ಗರಿಯಿಲ್ಲ, ಕೊಕ್ಕಿಲ್ಲ, ಕಣ್ಣಿಲ್ಲ. ಅಲ್ಲಿಯ ಕಾನೂನಿನಂತೆ ಕಲಾಕೃತಿಗೆ ಸುಂಕವಿರಲಿಲ್ಲ. ಲೋಹದ ಸಾಮಾನಿಗಾದರೆ ಬೆಲೆಯ ಶೇಕಡಾ 40ರಷ್ಟು ಸುಂಕ. ಅಧಿಕಾರಿಗಳು ಅದನ್ನು ಅಡುಗೆಮನೆಯ ಪರಿಕರ ಮತ್ತು ಆಸ್ಪತ್ರೆ ಸಾಮಗ್ರಿಗಳ ಪಟ್ಟಿಗೆ ಸೇರಿಸಿ ಸುಂಕ ಹಾಕಿದರು.

ಆ ಹಕ್ಕಿಯನ್ನು ಮಾಡಿದವನು ಕಾನ್‌ಸ್ಟಾಂಟಿನ್ ಬ್ರಾಂಕುಶಿ (1876–1957). ರುಮೇನಿಯಾದ ಹಳ್ಳಿಯೊಂದರಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬಾಳಿ ಅಲ್ಲೇ ಮಣ್ಣಾದವನು. ಇಪ್ಪತ್ತನೆಯ ಶತಮಾನದ ಶಿಲ್ಪಕಲೆಯ ದಿಕ್ಕನ್ನೇ ಬದಲಿಸಿದ ಈತ ಮೂವತ್ತು ವರ್ಷಗಳ ಕಾಲ ಮತ್ತೆ ಮತ್ತೆ ಹಕ್ಕಿಗೇ ಮರಳಿದ. ಅವನು ಹಿಡಿಯಹೊರಟದ್ದು ಹಕ್ಕಿಯನ್ನಲ್ಲ, ಹಾರಾಟವನ್ನು ಎಂಬ ಮಾತು ಅವನ ಬಗ್ಗೆ ಬರೆದವರೆಲ್ಲರ ಬಾಯಲ್ಲೂ ಬಂದಿದೆ. ಮಾತು ನಿಜ. ಆದರೆ ಅದು ಅರ್ಧ ನಿಜ ಎಂಬುದು ನನ್ನ ಅನಿಸಿಕೆ.

ನಮ್ಮಲ್ಲಿ ಹೆಚ್ಚಿನವರು ಈ ಹಕ್ಕಿಯನ್ನು ಪುಸ್ತಕದ ಚಿತ್ರಗಳಲ್ಲಿ ಮಾತ್ರ ಕಂಡವರು. ಚಿತ್ರಗಳಲ್ಲಿ ಅನೇಕ ಸಲ ಹೊಳೆಯುವ ಭಾಗವಷ್ಟೇ ಇರುತ್ತದೆ. ಕೆಳಗಿನ ಪೀಠವನ್ನು ಮುದ್ರಕ ಕತ್ತರಿಸಿರುತ್ತಾನೆ. ಹಾಗೆ ಕತ್ತರಿಸಿದ ಹಕ್ಕಿಯನ್ನು ಕಂಡು ಹಾರಾಟದ ಬಗ್ಗೆ ಬರೆಯುವುದು ಸುಲಭ. ಬ್ರಾಂಕುಶಿ ಮಾತ್ರ ಪೀಠವನ್ನು ತನ್ನ ಕೈಯಾರೆ ಕಡೆದು, ಅದನ್ನೂ ಶಿಲ್ಪವೆಂದೇ ಎಣಿಸಿದವನು. ಈ ಹಕ್ಕಿಗಳನ್ನು ಕೆಳಗಿನಿಂದ ಮೇಲಕ್ಕೆ, ಪಾದದಿಂದ ತುದಿಗೆ ಓದಿದರೆ ಏನು ಕಂಡೀತು ಎಂಬುದೇ ಈ ಲೇಖನದ ವಿಚಾರ.

2

ರುಮೇನಿಯಾದ ನೈರುತ್ಯ ಭಾಗದಲ್ಲಿ, ಕಾರ್ಪೇಥಿಯನ್ ಬೆಟ್ಟಗಳ ಬುಡದಲ್ಲಿರುವ ಗೊರ್ಜ್ ಜಿಲ್ಲೆಯ ಹೊಬಿತ್ಸ ಅವನ ಊರು. 1876ರ ಫೆಬ್ರವರಿ 19ರಂದು ಬಡ ರೈತ ಕುಟುಂಬದಲ್ಲಿ ಹುಟ್ಟಿದ. ಚಿಕ್ಕಂದಿನಲ್ಲಿ ಕುರಿ ಕಾದ. ಆ ಸೀಮೆಯ ಮನೆಗಳ ಜಗಲಿಯ ಕಂಬ, ಹೆಬ್ಬಾಗಿಲು, ಬೆಂಚು, ಚಮಚ ಎಲ್ಲವೂ ಮರದವು. ಎಲ್ಲದರ ಮೇಲೂ ಕೆತ್ತನೆ. ಅಲ್ಲಿ ಮರ ಕೆತ್ತಲು ಬರುವುದೆಂದರೆ ನಮ್ಮಲ್ಲಿ ಮಡಲು ಹೆಣೆಯಲು ಬಂದಷ್ಟೇ ಸಹಜ. ಹುಡುಗ ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು ಪೇಟೆ ಸೇರಿ ಅಂಗಡಿ, ಹೋಟೆಲುಗಳಲ್ಲಿ ದುಡಿದ. ಮುಂದೆ ಕ್ರಯೋವ ಪಟ್ಟಣದ ಕರಕುಶಲ ಶಾಲೆಯಲ್ಲಿ 1894ರಿಂದ 1898ರವರೆಗೆ, ಅನಂತರ ಬುಖಾರೆಸ್ಟಿನ ಕಲಾಶಾಲೆಯಲ್ಲಿ 1902ರವರೆಗೆ ಓದಿದ. ಬುಖಾರೆಸ್ಟಿನಲ್ಲಿದ್ದಾಗ ವೈದ್ಯನೊಬ್ಬನ ಮಾರ್ಗದರ್ಶನದಲ್ಲಿ ಚರ್ಮ ಸುಲಿದ ಮನುಷ್ಯದೇಹದ ಪ್ರತಿಮೆಯೊಂದನ್ನು ಮಾಡಿದ್ದ. ಒಂದೊಂದು ಸ್ನಾಯುವೂ ಇರಬೇಕಾದಲ್ಲೇ ಇದ್ದ ಆ ಪ್ರತಿಮೆ ವೈದ್ಯವಿದ್ಯಾರ್ಥಿಗಳಿಗೆ ಪಾಠಕ್ಕೆ ಒದಗಿತು. ಇದ್ದುದನ್ನು ಇದ್ದಂತೆ ಮಾಡಲು ಬಾರದವನು ಗರಿ-ಕೊಕ್ಕು ಬಿಟ್ಟ ಎಂದು ಯಾರೂ ಹೇಳುವಂತಿಲ್ಲ ಎಂಬ ಕಾರಣಕ್ಕೆ ಈ ಸಂಗತಿ ಮುಖ್ಯ.

1903ರಲ್ಲಿ ಊರು ಬಿಟ್ಟು ಮ್ಯೂನಿಕ್‌ಗೆ ಹೋದ. ಅಲ್ಲಿಂದ ದಾರಿಯ ಬಹುಪಾಲನ್ನು ಕಾಲ್ನಡಿಗೆಯಲ್ಲೇ ಸವೆಸಿ 1904ರಲ್ಲಿ ಪ್ಯಾರಿಸ್ ಸೇರಿದ. ಹೊಟ್ಟೆಪಾಡಿಗಾಗಿ ಹೋಟೆಲಿನಲ್ಲಿ ಪಾತ್ರೆ ತೊಳೆದ. ರುಮೇನಿಯನ್ನರ ಇಗರ್ಜಿಯಲ್ಲಿ ಸ್ತೋತ್ರ ಹಾಡಿದ. 1907ರಲ್ಲಿ ಆ ಕಾಲದ ಮಹಾಶಿಲ್ಪಿ ರೊದಾಂನ ಕಾರ್ಯಾಗಾರ ಸೇರಿ, ಕೆಲವೇ ವಾರಗಳಲ್ಲಿ ಬಿಟ್ಟುಬಂದ. ದೊಡ್ಡ ಮರದ ಬುಡದಲ್ಲಿ ಬೇರೇನೂ ಬೆಳೆಯದು ಎಂಬರ್ಥದ ಮಾತನ್ನು ಆಗ ಅವನು ಆಡಿದನೆಂದು ಪ್ರತೀತಿ. ಮಾತು ಯಾರದೇ ಇರಲಿ, ಕೃತಿ ಸಾಕ್ಷಿಯಾಗಿದೆ. ರೊದಾಂ ಮೊದಲು ಮಣ್ಣಿನಲ್ಲಿ ಮಾಡುತ್ತಿದ್ದ. ಅದನ್ನು ಕಲ್ಲಿಗೆ ಇಳಿಸುವ ಕೆಲಸ ಬೇರೆ ಕುಶಲಕರ್ಮಿಗಳದಾಗಿತ್ತು. ಬ್ರಾಂಕುಶಿ ನೇರವಾಗಿ ಕಲ್ಲಿಗೆ ಉಳಿ ಹಿಡಿದ. 1907-08ರ ‘ಮುತ್ತು’ ಎಂಬ ಕೃತಿಯಲ್ಲಿ ಗಂಡು ಹೆಣ್ಣು ಇಬ್ಬರೂ ಒಂದೇ ಕಲ್ಲಿನ ತುಂಡು. ಅಪ್ಪಿದ ತೋಳುಗಳು ಆ ಕಲ್ಲಿನ ಅಂಚನ್ನು ಮೀರಿ ಹೋಗುವುದಿಲ್ಲ.

ಅವನ ಹೆಸರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ತಾಯ್ನುಡಿಯಲ್ಲಿ ಅದರ ಉಚ್ಚಾರ ‘ಬ್ರಿಂಕುಶ್’ ಎಂಬುದಕ್ಕೆ ಹತ್ತಿರ. ಫ್ರೆಂಚರ ಬಾಯಲ್ಲಿ ಅದು ಬೇರೆಯಾಯಿತು, ಇಂಗ್ಲಿಷಿನಲ್ಲಿ ಮತ್ತೂ ಬೇರೆ. ಅವನೂ ತನ್ನ ಲಿಪಿಯ ಗುರುತುಗಳನ್ನು ಬಿಟ್ಟೇ ಸಹಿ ಹಾಕುತ್ತಿದ್ದ. ಶಾಲೆಯ ದಾಖಲೆಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಹೆಸರಿರುವ, ಊರ ಹೆಸರಿನ ಕೊನೆಗೆ ಬೋರ್ಡಿನಲ್ಲಿ ಮಾತ್ರ ಒಂದು ‘ಅಂ’ ಕಾಣುವ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

3

ಅವನ ಮೊದಲ ಹಕ್ಕಿ ‘ಮಯಾಸ್ತ್ರ’. ಕಾಲ 1910-12. ಈ ಪದಕ್ಕೂ ನಮ್ಮ ‘ಮಾಯೆ’ಗೂ ನಂಟಿಲ್ಲ, ಅದರ ಬೇರು ಲ್ಯಾಟಿನ್ನಿನದು, ಪ್ರವೀಣೆ, ಒಡತಿ ಎಂಬ ಅರ್ಥದ ಕಡೆಯದು. ರುಮೇನಿಯಾದ ಅಜ್ಜಿಕತೆಗಳಲ್ಲಿ ಬರುವ ಚಿನ್ನದ ಗರಿಯ, ಅದ್ಭುತ ಕಂಠದ ಹಕ್ಕಿ ಅದು. ರಾಜಕುಮಾರರು ಅದನ್ನು ಹುಡುಕಿಕೊಂಡು ಹೊರಡುತ್ತಾರೆ. ಆ ನಾಡಿನ ಕೆಲವು ಹಳ್ಳಿಗಳ ಸ್ಮಶಾನಗಳಲ್ಲಿ ಮರದ ಕಂಬದ ತುದಿಗೆ ಹಕ್ಕಿಯನ್ನು ಕೆತ್ತಿ ನಿಲ್ಲಿಸುವ ರೂಢಿಯೂ ಇದೆ. ಅದು ಹೊರಟುಹೋದ ಜೀವ.

ಬ್ರಾಂಕುಶಿಯ ಮಯಾಸ್ತ್ರ ಹಾರುತ್ತಿಲ್ಲ. ಎದೆಯುಬ್ಬಿಸಿ, ಕತ್ತೆತ್ತಿ, ಕೊಕ್ಕು ತೆರೆದು ನಿಂತಿದೆ. ಅದು ಹಾಡುವ ಹಕ್ಕಿ. ಕಾಲುಗಳು ಗಟ್ಟಿಯಾಗಿ ಊರಿವೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿರುವ ಬಿಳಿ ಅಮೃತಶಿಲೆಯ ಮಯಾಸ್ತ್ರದ ಅಳತೆಯನ್ನು ಗಮನಿಸಬೇಕು. ಹಕ್ಕಿಯ ಎತ್ತರ ಸುಮಾರು 56 ಸೆಂಟಿಮೀಟರ್. ಅದು ಕುಳಿತ ಸುಣ್ಣಕಲ್ಲಿನ ಪೀಠ ಸುಮಾರು 178 ಸೆಂಟಿಮೀಟರ್. ಪೀಠ ಹಕ್ಕಿಗಿಂತ ಮೂರು ಪಾಲು ಎತ್ತರ! ಮೂರು ಭಾಗಗಳ ಆ ಪೀಠದ ನಡುವಿನ ಕಲ್ಲಿನಲ್ಲಿ ಭಾರ ಹೊತ್ತ ಎರಡು ಒರಟು ಮನುಷ್ಯಾಕೃತಿಗಳಿವೆ. ಉಳಿಯ ಗುರುತು ಎದ್ದು ಕಾಣುವ ಅವುಗಳ ಮೇಲೆ ನಯವಾದ ಬಿಳಿ ಹಕ್ಕಿ. ಕೆಳಗೆ ದುಡಿಮೆಯ ಭಾರವಿದ್ದರೆ ಮೇಲೆ ಹಾಡಿದೆ. ಕೆಳಗಿನದನ್ನು ಕತ್ತರಿಸಿ ಮೇಲಿನದನ್ನು ಮಾತ್ರ ನೋಡಿದರೆ ನಮ್ಮ ಪಾಲಿಗೆ ಉಳಿಯುವುದು ಒಂದು ಚೆಂದದ ಹಕ್ಕಿ ಮಾತ್ರ.

ಮುಂದಿನ ಹತ್ತು ವರ್ಷಗಳಲ್ಲಿ ಈ ಹಕ್ಕಿ ಸಪೂರವಾಗುತ್ತ ಹೋಯಿತು. 1919ರ ಸುಮಾರಿನ ‘ಚಿನ್ನದ ಹಕ್ಕಿ’ಯಲ್ಲಿ ಕತ್ತು, ಎದೆ, ಬಾಲಗಳ ನಡುವಿನ ಗಡಿಗಳು ಅಳಿಸಿಹೋದವು. 1923ರಲ್ಲಿ ಇಡೀ ದೇಹ ಒಂದೇ ಬಾಗಿದ ಗೆರೆಯಾಯಿತು. ತೆರೆದ ಕೊಕ್ಕಿನ ಜಾಗದಲ್ಲಿ ತುದಿಯಲ್ಲೊಂದು ಓರೆಯಾದ ಕಡಿತವಷ್ಟೇ ಉಳಿಯಿತು. ಅದೇ ಹಾಡಿನ ಕೊನೆಯ ಗುರುತು. ಆದರೆ ಒಂದನ್ನು ಅವನು ಬಿಡಲಿಲ್ಲ. ಕೆಳಗೆ ಬಹಳ ಸಣ್ಣಗಾದ ದೇಹ ಮತ್ತೆ ಅಗಲಗೊಂಡು ಒಂದು ಪಾದವಾಗಿ ನಿಲ್ಲುತ್ತದೆ. ನ್ಯೂಯಾರ್ಕಿನಲ್ಲಿರುವ 1928ರ ಕಂಚಿನ ಹಕ್ಕಿ 137 ಸೆಂಟಿಮೀಟರ್ ಎತ್ತರ, 22 ಸೆಂಟಿಮೀಟರಿಗಿಂತ ಕಡಿಮೆ ಅಗಲ. ರೆಕ್ಕೆ, ಕಣ್ಣು, ಕೊಕ್ಕು ಎಲ್ಲವನ್ನೂ ಬೇಡವೆಂದ ಶಿಲ್ಪಿ ಪಾದವನ್ನು ಯಾಕೆ ಉಳಿಸಿಕೊಂಡ? ನಿಲ್ಲಿಸುವುದಕ್ಕೆ ಆಧಾರ ಬೇಕಲ್ಲ ಎನ್ನಬಹುದು. ಅದು ಬಡಗಿಯ ಉತ್ತರ. ನೋಡುಗನ ಉತ್ತರ ಬೇರೆ: ಆ ಸಣ್ಣ ಕುತ್ತಿಗೆಯಂಥ ಜಾಗದಲ್ಲಿ, ಪಾದಕ್ಕೂ ದೇಹಕ್ಕೂ ನಡುವೆ, ನೆಲ ಬಿಡುವ ಕ್ಷಣ ಇದೆ. ಪಾದವೇ ಇಲ್ಲದಿದ್ದರೆ ಬಿಟ್ಟದ್ದು ಯಾವುದನ್ನು?

ಈ ಕೃತಿಗೆ ಕನ್ನಡದಲ್ಲಿ ಏನು ಹೆಸರಿಡಬೇಕು? ‘ಆಕಾಶದಲ್ಲಿ ಹಕ್ಕಿ’ ಎಂದರೆ ಸಾಲದು, ಅದು ಎಲ್ಲ ಹಕ್ಕಿಗಳೂ ಇರುವ ಜಾಗ. ‘ಬಯಲಲ್ಲಿ ಹಕ್ಕಿ’ ಎಂದರೆ ಸರಿಹೋದೀತು. ವಚನಕಾರರಿಂದ ಬಂದ ನಮ್ಮ ‘ಬಯಲು’ ಏನೂ ಇಲ್ಲದ ತೆರವು. ಅದೇ ಪದ ಗಡಿ ದಾಟಿದರೆ ಮಲಯಾಳದ ‘ವಯಲ್’, ಗದ್ದೆ. ನಮ್ಮ ಊರುಗಳ ‘ಬೈಲು’ ಕೂಡ ಅದೇ, ಕೆಸರಿಗೆ ಕಾಲಿಡುವ ನೆಲ. ತೆರವೂ ನೆಲವೂ ಎರಡೂ ಆಗಿರುವ ಪದವೊಂದು ಇಲ್ಲಿ ನಮ್ಮ ಮನೆಯಲ್ಲೇ ಇದೆ. ಬ್ರಾಂಕುಶಿಯ ಹಕ್ಕಿ ಇಂಥ ಬಯಲಿನದು.

4

ಈ ಹಕ್ಕಿಯನ್ನು ಓದುವ ಎರಡು ರೂಢಿಗಳು ಬೆಳೆದುಬಂದಿವೆ. ಒಂದು, ಯಂತ್ರಯುಗದ ಓದು. 1912ರಲ್ಲಿ ಪ್ಯಾರಿಸ್ಸಿನಲ್ಲಿ ವಿಮಾನಗಳ ಪ್ರದರ್ಶನ ನಡೆದಾಗ ಬ್ರಾಂಕುಶಿ, ಲೆಜೆ, ದ್ಯೂಶಾಂ ಮೂವರೂ ಜತೆಯಾಗಿ ನೋಡಲು ಹೋದರು. ಚಿತ್ರಕಲೆಯ ಕಾಲ ಮುಗಿಯಿತು, ಈ ಪ್ರೊಪೆಲರಿಗಿಂತ ಚೆನ್ನಾಗಿ ಏನನ್ನು ಮಾಡಬಲ್ಲೆವು ಎಂಬರ್ಥದಲ್ಲಿ ದ್ಯೂಶಾಂ ಅಲ್ಲಿ ಹೇಳಿದನೆಂದು ಲೆಜೆ ಮುಂದೆ ನೆನಪಿಸಿಕೊಂಡಿದ್ದಾನೆ. ಹಕ್ಕಿಯ ಹೊಳಪು, ವಕ್ರರೇಖೆ, ವೇಗ ಎಲ್ಲವೂ ಆ ಪ್ರೊಪೆಲರಿನಿಂದ ಬಂದವು ಎನ್ನುವುದು ಈ ಪಂಗಡದ ವಾದ. ಇನ್ನೊಂದು, ಹಳ್ಳಿಯ ಸಂತನ ಓದು. ಗಡ್ಡ ಬಿಟ್ಟ, ಮರದ ಪಾದರಕ್ಷೆ ತೊಟ್ಟ, ತಾನೇ ಕಟ್ಟಿದ ಒಲೆಯಲ್ಲಿ ತಾನೇ ಬೇಯಿಸಿ ಅತಿಥಿಗಳಿಗೆ ಬಡಿಸುತ್ತಿದ್ದ, ಟಿಬೆಟ್ಟಿನ ಯೋಗಿ ಮಿಲರೇಪನ ಚರಿತ್ರೆಯನ್ನು ಕೈಬಿಡದ ಮುಗ್ಧ ರೈತ ಎಂಬ ಚಿತ್ರ ಇದು. ಈ ಚಿತ್ರವನ್ನು ಬೆಳೆಸುವುದರಲ್ಲಿ ಬ್ರಾಂಕುಶಿಯ ಪಾಲೂ ಇತ್ತೆಂದು ಅವನೇ ತೆಗೆದ ತನ್ನ ಫೋಟೋಗಳನ್ನು ನೋಡಿದವರಿಗೆ ತಿಳಿಯುತ್ತದೆ.

ಎರಡೂ ಓದುಗಳಲ್ಲಿ ಹುರುಳಿದೆ, ಎರಡೂ ಎಡವುತ್ತವೆ. ಪ್ರೊಪೆಲರುಗಳು ಒಂದರಂತೆ ಇನ್ನೊಂದಿರಬೇಕು, ಇಲ್ಲದಿದ್ದರೆ ವಿಮಾನ ಬೀಳುತ್ತದೆ. ಬ್ರಾಂಕುಶಿ 1923ರಿಂದ 1940ರ ದಶಕದವರೆಗೆ ಹದಿನಾರು ‘ಬಯಲಲ್ಲಿ ಹಕ್ಕಿ’ಗಳನ್ನು ಮಾಡಿದ, ಏಳು ಅಮೃತಶಿಲೆಯವು, ಒಂಬತ್ತು ಕಂಚಿನವು. ಒಂದರಂತೆ ಇನ್ನೊಂದಿಲ್ಲ. ಎತ್ತರ ಬೇರೆ, ಉಬ್ಬು ಬೇರೆ, ಪಾದ ಬೇರೆ. ಎರಕವಾದ ಮೇಲೆ ಕಂಚು ಹೇಗಿರುತ್ತದೆಂದು ಕುಞಿಮಂಗಲದ ಮೂಶಾರಿಗಳ ಅಂಗಳದಲ್ಲಿ ನಿಂತು ನೋಡಿದವರು ಬಲ್ಲರು: ಕಪ್ಪಾಗಿ, ಒರಟಾಗಿ, ಬೇಡದ ಅಂಟುಗಳೊಂದಿಗೆ. ಹೊಳಪು ಅನಂತರದ ಕೈಗೆಲಸ. ಬ್ರಾಂಕುಶಿ ಅರ ಹಾಕಿ ಉಜ್ಜಿ, ಎಮೆರಿಯಿಂದ ತಿಕ್ಕಿ, ದಿನಗಟ್ಟಲೆ ಕೈಯಿಂದಲೇ ಆ ಹೊಳಪನ್ನು ತರುತ್ತಿದ್ದ. ಯಂತ್ರದ್ದೆಂದು ತೋರುವ ನಯ ಹಳ್ಳಿಯ ಕುಶಲಕರ್ಮಿಯ ತಾಳ್ಮೆಯಿಂದ ಬಂದದ್ದು. ಹಾಗೆಯೇ, ಮುಗ್ಧ ರೈತ ಎಂಬವರೂ ಯೋಚಿಸಬೇಕು. ವಿಮಾನ ಕಾಣದ ಹಳ್ಳಿಯ ಶಿಲ್ಪಿ ಮಯಾಸ್ತ್ರದ ಗರಿ-ಕೊಕ್ಕುಗಳನ್ನು ತೊರೆಯುವ ಧೈರ್ಯ ಮಾಡುತ್ತಿರಲಿಲ್ಲ. ಅಜ್ಜಿಕತೆಯೂ ಪ್ರೊಪೆಲರೂ ಒಂದನ್ನೊಂದು ಕೊಲ್ಲದೆ ಒಂದೇ ಕಂಚಿನಲ್ಲಿ ಸೇರಿದ್ದು ಅವನ ಸಾಧನೆ.

ಇಷ್ಟು ಮೆಚ್ಚಿದ ಮೇಲೆ ಒಂದು ಅಳುಕನ್ನೂ ಹೇಳಬೇಕು. ಕಂಚಿನ ಹಕ್ಕಿಗಳ ಹೊಳಪು ಕೆಲವು ಸಲ ಹಕ್ಕಿಯನ್ನೇ ನುಂಗುತ್ತದೆ. ದೀಪಗಳ ನಡುವೆ ಅದು ಒಡವೆಯಾಗಿಬಿಡುತ್ತದೆ. 2005ರಲ್ಲಿ ಇವುಗಳಲ್ಲೊಂದು ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 2 ಕೋಟಿ 75 ಲಕ್ಷ ಡಾಲರಿಗೆ ಮಾರಾಟವಾಯಿತು. ಮಾರಾಟವಾದದ್ದು ಅಮೃತಶಿಲೆಯದೇ ಆದರೂ, ಈ ಬೆಲೆಗಳ ಲೋಕದಲ್ಲಿ ಹಕ್ಕಿ ಹಾರುವ ಬದಲು ಕಪಾಟು ಸೇರುವ ಅಪಾಯ ಕಾಣುತ್ತದೆ. ನನ್ನ ಮಟ್ಟಿಗೆ ಕಲ್ಲಿನ ಹಕ್ಕಿಗಳು ಹೆಚ್ಚು ದೊಡ್ಡವು. ಅವುಗಳಲ್ಲಿ ಬೆಳಕು ಮೇಲೆ ಜಾರಿಹೋಗುವುದಿಲ್ಲ, ತುಸು ಒಳಗಿಳಿದು ನಿಲ್ಲುತ್ತದೆ. ಹಾರಲಾರದ ವಸ್ತುವೆಂದು ತಿಳಿದ ಕಲ್ಲು ಹಾರಿದಂತೆ ಕಾಣುವುದೇ ಹೆಚ್ಚಿನ ಸಾಹಸ.

5

ಈಗ ಸುಂಕದ ಕಟ್ಟೆಗೆ ಮರಳೋಣ. ಆ ಕಂಚಿನ ಹಕ್ಕಿಯನ್ನು ಕೊಂಡಿದ್ದವನು ಎಡ್ವರ್ಡ್ ಸ್ಟೈಕನ್ ಎಂಬ ಛಾಯಾಚಿತ್ರಗಾರ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ವಿಮಾನದಳಕ್ಕಾಗಿ ಆಕಾಶದಿಂದ ಫೋಟೋ ತೆಗೆಯುವ ವಿಭಾಗವನ್ನು ನಡೆಸಿದವನು. ಹಾರಾಟವನ್ನು ಮೈಯಾರೆ ಕಂಡವನು ಎನ್ನಬಹುದು. ಪ್ಯಾರಿಸ್ಸಿನ ಬಳಿಯ ತನ್ನ ತೋಟದಲ್ಲಿ ಮಯಾಸ್ತ್ರವನ್ನೂ ಇಟ್ಟುಕೊಂಡಿದ್ದ. ಸುಂಕದ ವಿರುದ್ಧ ‘ಬ್ರಾಂಕುಶಿ ವಿರುದ್ಧ ಅಮೆರಿಕ ಸಂಯುಕ್ತ ಸಂಸ್ಥಾನ’ ಎಂಬ ಮೊಕದ್ದಮೆ ಹೂಡಲಾಯಿತು. 1916ರ ಹಿಂದಿನ ತೀರ್ಪೊಂದರ ಪ್ರಕಾರ ಶಿಲ್ಪವೆಂದರೆ ನಿಸರ್ಗದ ರೂಪಗಳ ಅನುಕರಣೆ. ಆ ಮಾತನ್ನು ಒಪ್ಪಿದರೆ ಬ್ರಾಂಕುಶಿಗೆ ಸೋಲೇ ಗತಿ.

1927ರ ವಿಚಾರಣೆಯ ದಾಖಲೆ ಓದಲು ತಾಳಮದ್ದಳೆಯ ಅರ್ಥಗಾರಿಕೆಯಷ್ಟೇ ಸ್ವಾರಸ್ಯವಾಗಿದೆ. ಇದನ್ನು ಏನೆನ್ನುತ್ತೀರಿ ಎಂಬ ಪ್ರಶ್ನೆಗೆ ಶಿಲ್ಪಿ ಕರೆದಂತೆ ಹಕ್ಕಿ ಎನ್ನುತ್ತೇನೆ ಎಂದ ಸ್ಟೈಕನ್. ಕಾಡಿನಲ್ಲಿ ಕಂಡರೆ ಹಕ್ಕಿಯೆಂದು ಗುಂಡು ಹಾರಿಸುವಿರಾ ಎಂದು ಮರುಪ್ರಶ್ನೆ ಬಂತು. ಶಿಲ್ಪಿ ಜೇಕಬ್ ಎಪ್‌ಸ್ಟೈನ್ ಪ್ರಾಚೀನ ಈಜಿಪ್ಟಿನ ಒಂದು ಕಲ್ಲಿನ ಗಿಡುಗವನ್ನೇ ತಂದು ನ್ಯಾಯಾಲಯದ ಮುಂದಿಟ್ಟ. ಗರಿಯಿಲ್ಲದ ಹಕ್ಕಿ ಇಂದಿನ ಹುಚ್ಚಲ್ಲ ಎಂಬುದಕ್ಕೆ ಸಾಕ್ಷಿಯಾಗಿ. ಒಳ್ಳೆಯ ಮೆಕ್ಯಾನಿಕ್ ಒಬ್ಬ ಇದನ್ನು ಮಾಡಲಾರನೇ ಎಂದಾಗ, ಅವನು ಉಜ್ಜಿ ಹೊಳಪಿಸಬಲ್ಲ, ಕಲ್ಪಿಸಲಾರ ಎಂದ. 1928ರ ನವೆಂಬರ್ 26ರಂದು ತೀರ್ಪು ಬಂತು. ನಿಸರ್ಗದ ವಸ್ತುಗಳನ್ನು ಅನುಕರಿಸುವ ಬದಲು ಅಮೂರ್ತ ಕಲ್ಪನೆಗಳಿಗೆ ರೂಪ ಕೊಡುವ ಹೊಸದೊಂದು ಕಲಾಪಂಥ ಹುಟ್ಟಿದೆ, ನಮಗೆ ಅದು ಹಿಡಿಸಲಿ ಬಿಡಲಿ, ಅದು ಇದೆ ಎಂಬುದನ್ನು ಗಮನಿಸಬೇಕು ಎಂದು ನ್ಯಾಯಾಧೀಶರು ಒಪ್ಪಿದರು. ಸುಂಕ ರದ್ದಾಯಿತು.

ಈ ತೀರ್ಪು ಕಲೆಯ ಗೆಲುವೆಂದು ಪುಸ್ತಕಗಳು ಹೇಳುತ್ತವೆ. ನನಗೆ ಮುಖ್ಯವಾಗಿ ಕಂಡದ್ದು ಸುಂಕದವರ ಮೊದಲ ಪ್ರಶ್ನೆ: ಇದು ಯಾವ ಪಟ್ಟಿಗೆ ಸೇರುತ್ತದೆ? ಗಡಿಯಲ್ಲಿ ನಿಂತವರು ಕೇಳುವ ಪ್ರಶ್ನೆಯೇ ಅದು. ನಮ್ಮ ವಿಮರ್ಶೆಯೂ ಎಷ್ಟೋ ಸಲ ಸುಂಕದ ಕಟ್ಟೆಯಲ್ಲೇ ಕೂತಿರುತ್ತದೆ. ಈ ಭಾಗದ ಒಂದು ಕವನಸಂಕಲನ ಕೈಗೆ ಬಂದೊಡನೆ ‘ಗಡಿನಾಡ ಕನ್ನಡಿಗನ ನೋವು’ ಎಂಬ ಪಟ್ಟಿಗೆ ಸೇರಿಸಿ ಮುದ್ರೆ ಒತ್ತುತ್ತೇವೆ. ಅಂಥ ನೋವು ಅದರಲ್ಲಿ ಕಾಣದಿದ್ದರೆ ಇವನು ನಮ್ಮವನೇ ಎಂದು ಸಂಶಯಪಡುತ್ತೇವೆ. ಮಂಜೇಶ್ವರದಲ್ಲಿ ಕುಳಿತು ಏಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ, ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿ ಬರೆದ ಗೋವಿಂದ ಪೈಗಳನ್ನು (1883–1963) ಈ ಅಳತೆಯಲ್ಲಿ ಎಲ್ಲಿಡುವುದು? ವಸ್ತು ಎಲ್ಲಿಂದಲೋ ಬಂದದ್ದು, ಪಾದ ಮಾತ್ರ ಇಲ್ಲಿಯದು. ಕೃತಿಯಲ್ಲಿ ಗಡಿ ಹೆಸರು ಹೇಳಿಕೊಂಡು ಬರಬೇಕಾಗಿಲ್ಲ; ಬ್ರಾಂಕುಶಿಯ ಹಕ್ಕಿಯಲ್ಲಿ ಹೊಬಿತ್ಸದ ಹೆಸರು ಎಲ್ಲೂ ಇಲ್ಲ.

6

ಭಾರತಕ್ಕೂ ಈ ಹಕ್ಕಿಗೂ ಒಂದು ನಂಟಿದೆ. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ 1930ರ ದಶಕದ ಮೊದಲ ವರ್ಷಗಳಲ್ಲಿ ಒಂದು ಕಂಚಿನ ಹಕ್ಕಿಯನ್ನು ಕೊಂಡು, ಮುಂದೆ ಕಪ್ಪು ಅಮೃತಶಿಲೆಯದೊಂದನ್ನು, ಬಿಳಿಯದೊಂದನ್ನು ಮಾಡಿಸಿಕೊಂಡ. ಈ ಮೂರನ್ನು ನೀರಿನ ಕೊಳವೊಂದರ ಸುತ್ತ ನಿಲ್ಲಿಸಿ, ಧ್ಯಾನಕ್ಕೆಂದು ಒಂದು ಮಂದಿರ ಕಟ್ಟುವ ಯೋಜನೆಯಿತ್ತು. ಅದಕ್ಕಾಗಿಯೇ ಬ್ರಾಂಕುಶಿ 1937ರ ಕೊನೆಗೆ ಇಂದೋರಿಗೆ ಬಂದ. ಅಷ್ಟರಲ್ಲಿ ಮಹಾರಾಣಿ ಸಂಯೋಗಿತಾದೇವಿ ತೀರಿಕೊಂಡಿದ್ದಳು. ರಾಜನ ಮನಸ್ಸು ಅತ್ತ ಇರಲಿಲ್ಲ. 1938ರ ಜನವರಿಯಲ್ಲಿ ಶಿಲ್ಪಿ ಬರಿಗೈಯಲ್ಲಿ ಹಿಂದಿರುಗಿದ. ಮಂದಿರ ಏಳಲೇ ಇಲ್ಲ. ಕಪ್ಪು ಬಿಳಿ ಹಕ್ಕಿಗಳು 1973ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದ ರಾಷ್ಟ್ರೀಯ ಸಂಗ್ರಹಾಲಯದ ಪಾಲಾದವು. ಕಂಚಿನದು ಅಮೆರಿಕದ ಪಾಸಡೀನಾ ಸೇರಿತು. ನೀರಿಗೂ ನೆಲಕ್ಕೂ ಆಕಾಶಕ್ಕೂ ಸಂಬಂಧ ಕಲ್ಪಿಸಿ ಒಟ್ಟಿಗೆ ನಿಲ್ಲಬೇಕಾಗಿದ್ದ ಮೂರು ಹಕ್ಕಿಗಳು ಎರಡು ಖಂಡಗಳಲ್ಲಿ ಹಂಚಿಹೋದವು. ಬ್ರಾಂಕುಶಿಯ ಅತ್ಯಂತ ದೊಡ್ಡ ಪೀಠ ಕಾಗದದಲ್ಲೇ ಉಳಿಯಿತು.

ಅದೇ ವರ್ಷ ಅವನ ಊರಿನ ಹತ್ತಿರ ಇನ್ನೊಂದು ಕೆಲಸ ಪೂರ್ಣವಾಯಿತು. ಹೊಬಿತ್ಸಕ್ಕೆ ಸಮೀಪದ ತಿರ್ಗು ಜಿಯು ಪಟ್ಟಣದಲ್ಲಿ 1916ರ ಯುದ್ಧದಲ್ಲಿ ಮಡಿದವರ ನೆನಪಿಗೆಂದು ಗೊರ್ಜ್ ಜಿಲ್ಲೆಯ ಮಹಿಳಾ ಸಂಘ ಅವನನ್ನು ಕೇಳಿಕೊಂಡಿತ್ತು. ಅವನು ಸಂಭಾವನೆ ತೆಗೆದುಕೊಳ್ಳಲಿಲ್ಲ. ಹನ್ನೆರಡು ಕಲ್ಲಿನ ಪೀಠಗಳು ಸುತ್ತುವರಿದ ‘ಮೌನದ ಮೇಜು’, ‘ಮುತ್ತಿನ ದ್ವಾರ’, ಕೊನೆಯಲ್ಲಿ ಸುಮಾರು 29 ಮೀಟರ್ ಎತ್ತರದ ‘ಕೊನೆಯಿಲ್ಲದ ಕಂಬ’ ಇವು 1938ರ ಅಕ್ಟೋಬರ್ 27ರಂದು ಲೋಕಾರ್ಪಣೆಯಾದವು. ಕಂಬದಲ್ಲಿ ಎರಕದ ಕಬ್ಬಿಣದ ಹದಿನೈದು ಪೂರ್ಣ ಘಟಕಗಳು, ಕೆಳಗೆ ಮೇಲೆ ಅರ್ಧ ಅರ್ಧ. ಆ ಘಟಕದ ಆಕಾರ ಅವನೂರಿನ ಜಗಲಿಯ ಕಂಬಗಳನ್ನು ನೆನಪಿಸುತ್ತದೆ. ಹಕ್ಕಿಗಾಗಿ ಕಡೆದ ಪೀಠ ಇಲ್ಲಿ ತಾನೇ ಶಿಲ್ಪವಾಗಿ ಆಕಾಶಕ್ಕೆ ಎದ್ದಿದೆ. ಮೇಲೆ ಹಕ್ಕಿಯಿಲ್ಲ. ತುದಿಯ ಅರ್ಧ ಘಟಕ ಮುಂದೇನು ಎಂಬುದನ್ನು ನಮಗೇ ಬಿಡುತ್ತದೆ. ಹಾರಾಟದ ಶಿಲ್ಪಿಯ ಶ್ರೇಷ್ಠ ಕೃತಿ ನೆಲದಲ್ಲಿ ಆಳವಾಗಿ ಹೂತ ಒಂದು ಕಂಬ ಎಂಬುದು ಆಕಸ್ಮಿಕವಲ್ಲ.

ಊರು ಅವನನ್ನು ಹೇಗೆ ಕಂಡಿತು? ಯುದ್ಧದ ನಂತರ ರುಮೇನಿಯಾದಲ್ಲಿ ಕಮ್ಯುನಿಸ್ಟ್ ಆಡಳಿತ ಬಂದ ಮೇಲೆ, 1951ರಲ್ಲಿ ಅಲ್ಲಿಯ ಅಕಾಡೆಮಿಯ ಸಭೆಯಲ್ಲಿ ಅವನ ಕಲೆ ಜನರದ್ದಲ್ಲ ಎಂಬ ಟೀಕೆ ಎದ್ದಿತು. ಆ ದಶಕದಲ್ಲಿ ಕಂಬವನ್ನು ಎಳೆದುಹಾಕುವ ಪ್ರಯತ್ನವೂ ನಡೆಯಿತು, ಕಂಬ ಅಲುಗಲಿಲ್ಲ. ಇಲ್ಲೂ ಪಟ್ಟಿಯ ಪ್ರಶ್ನೆಯೇ. ನ್ಯೂಯಾರ್ಕಿನ ಅಧಿಕಾರಿ ಕಲೆಯ ಪಟ್ಟಿಯಿಂದ ಹೊರಗಿಟ್ಟರೆ ತಾಯ್ನಾಡಿನ ಪಂಡಿತರು ಜನತೆಯ ಪಟ್ಟಿಯಿಂದ ಹೊರಗಿಟ್ಟರು. 1952ರಲ್ಲಿ ಬ್ರಾಂಕುಶಿ ಫ್ರಾನ್ಸಿನ ಪೌರನಾದ. 1956ರಲ್ಲಿ ತನ್ನ ಕಾರ್ಯಾಗಾರವನ್ನು, ಅದರಲ್ಲಿದ್ದುದೆಲ್ಲವನ್ನು ಇದ್ದ ಹಾಗೇ ಉಳಿಸಬೇಕೆಂದು ಫ್ರಾನ್ಸಿಗೆ ಬರೆದುಕೊಟ್ಟ. 1957ರ ಮಾರ್ಚ್ 16ರಂದು ತೀರಿಕೊಂಡ.

ಕಾಲ ಉರುಳಿತು. 2024ರ ಜುಲೈ ತಿಂಗಳಲ್ಲಿ ತಿರ್ಗು ಜಿಯುವಿನ ಶಿಲ್ಪಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ನಿರ್ಧಾರ ಕೈಗೊಂಡ ಸಭೆ ನಡೆದದ್ದು ಹೊಸದಿಲ್ಲಿಯಲ್ಲಿ. ಅವನ ಮಂದಿರ ಏಳದೆ ಹೋದ ದೇಶದಲ್ಲೇ ಅವನ ಕಂಬಕ್ಕೆ ಈ ಮಾನ್ಯತೆ ಸಿಕ್ಕಿತು. ಈ ಪಟ್ಟಿಯೂ ಒಂದು ಪಟ್ಟಿಯೇ ಎಂದು ಬ್ರಾಂಕುಶಿ ನಗುತ್ತಿದ್ದನೋ ಏನೋ.

ನಮ್ಮ ಮನೆಗಳಲ್ಲಿ ಮಕ್ಕಳು ಬೆಂಗಳೂರಿಗೆ, ಕೊಚ್ಚಿಗೆ, ಕೊಲ್ಲಿ ದೇಶಗಳಿಗೆ ಹಾರಿದ್ದಾರೆ. ಹಾರಬೇಕಾದರೆ ಮನೆಯ ಭಾಷೆಯನ್ನು ಇಳಿಸಿ ಹಗುರಾಗಬೇಕು ಎಂಬ ಮಾತನ್ನು ನಾವೇ ಮದುವೆಮನೆಗಳಲ್ಲಿ ಆಡುತ್ತೇವೆ. ಬೇಡದ್ದನ್ನೆಲ್ಲ ಇಳಿಸಿದ ಶಿಲ್ಪಿಯೊಬ್ಬ ಯಾವುದನ್ನು ಇಳಿಸಲಿಲ್ಲ ಎಂಬುದನ್ನು ಈ ಮಾತಿನ ಜತೆಗಿಟ್ಟು ನೋಡಬಹುದು. ಎಲ್ಲಾದರೂ ‘ಬಯಲಲ್ಲಿ ಹಕ್ಕಿ’ಯ ಚಿತ್ರ ಸಿಕ್ಕಿದರೆ ಮಕ್ಕಳಿಗೆ ತೋರಿಸಿ. ಪೀಠ ಕತ್ತರಿಸಿದ ಚಿತ್ರವಾಗಿದ್ದರೆ, ಕೆಳಗೆ ಇನ್ನೂ ಇದೆ ಎಂದು ಹೇಳಿ.